ಆಯಿ ಅನ್ನದ ಹುಡುಗಿ

ಎಲಿಜಬೆತ್ ಹಳಿಯಾಳಕ್ಕೆ, ತಾನು ಮೆಚ್ಚಿದ ಲೋಕೇಶನ ಮನೆಗೆ, ಎರಡು ಸಲ ಬಂದು ಹೋಗಿದ್ದಳು. ಎರಡೂ ಸಲ ಅವನ ಅಜ್ಜಿ ಗುರುಸಿದ್ದವ್ವನ ಕಾಲು ಮುಟ್ಟಿದ್ದಳು, ಚಹಾ ಕುಡಿದಿದ್ದಳು, ನಕ್ಕಿದ್ದಳು. ಆದರೆ ಆ ಮುದುಕಿಯನ್ನು ಏನೆಂದೂ ಕರೆದಿರಲಿಲ್ಲ.

“ಓಣಿ ಮಂದಿಯೆಲ್ಲಾ ನನಗ ಆಯಿ ಅಂತಾರ, ಹಾಲಿನವನೂ ಅಂತಾನ,” ಎಂದಿದ್ದಳು ಗುರುಸಿದ್ದವ್ವ ಮೊಮ್ಮಗನಿಗೆ. “ಆಕಿ ಸಿದ್ದಿ ಮಂದಿ ಹುಡುಗಿ ಅಂತ ನಿಮ್ಮಪ್ಪ ಕುಣದಾಡಿದ, ನಾ ಬಾಯಿ ಮುಚ್ಚಿಸಿದೆ. ಆದ್ರ ಬಾಯಿ ತುಂಬ ಕರೀಲಾರದಾಕೀನ ಹೆಂಗ ಮನಿ ತುಂಬಿಸ್ಕೊಳ್ಳಲಿ? ರವಿವಾರ ಕರ್ಕೊಂಡ್ ಬಾ. ಆವತ್ತೂ ಕರೀಲಿಲ್ಲಂದ್ರ ನನ್ನ ಒಪ್ಪಿಗಿ ಇಲ್ಲ.”

ಅಜ್ಜಿಯ ಮಾತು ಮೀರಿ ಆ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ. ಬೀಜದ ಅಂಗಡಿಯಲ್ಲಿ ಲೋಕೇಶನಿಗೆ ಕೂತರೂ ನಿಂತರೂ ಸಮಾಧಾನವಿಲ್ಲ. ಗೋವಿನಜೋಳ ಕೇಳಿದವನಿಗೆ ಭತ್ತದ ಚೀಲ ಎತ್ತಿಕೊಟ್ಟ. ಕಡೆಗೆ ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಗಣೇಶಗುಡಿಗೆ ಬೈಕ್ ಓಡಿಸಿದ.

ಹೊಳೆಯ ದಂಡೆಯಲ್ಲಿ ಅವಳು ರಾಫ್ಟಿಂಗ್‌ಗೆ ಬಂದವರ ಲೈಫ್ ಜಾಕೆಟ್ ಬಿಗಿಯುತ್ತಿದ್ದಳು. ಒಬ್ಬರಿಗೆ ಮರಾಠಿ, ಇನ್ನೊಬ್ಬರಿಗೆ ಕೊಂಕಣಿ, ಮತ್ತೊಬ್ಬರಿಗೆ ಇಂಗ್ಲಿಷ್. ಇವನನ್ನು ಕಂಡು ಹುಬ್ಬು ಹಾರಿಸಿದಳು. ಹಾಳು ಕಣ್ಣು, ಅದರ ತುಂಟತನಕ್ಕೇ ಇವನ ಸಿಟ್ಟು ಅರ್ಧ ಇಳಿಯಿತು.

“ಇಷ್ಟ್ ಭಾಷಾ ಮಾತಾಡ್ತಿ. ನಮ್ಮ ಅಜ್ಜಿಗೆ ಒಂದ್ ಶಬ್ದ ಇಲ್ಲೇನು ನಿನ್ ಹತ್ರ?”

“ಯಾವ ಶಬ್ದ?”

“ಆಯಿ. ಎರಡಕ್ಷರ.”

ಜಾಕೆಟ್ಟಿನ ಪಟ್ಟಿ ಎಳೆಯುತ್ತಿದ್ದ ಅವಳ ಕೈ ನಿಂತಿತು.

“ನಿಮ್ಮಲ್ಲಿ ಆಯಿ ಅಂದ್ರ ಅಜ್ಜಿ, ಲೋಕೇಶ. ಮರಾಠ್ಯಾಗ ಅವ್ವ, ನಮ್ಮ ಮನ್ಯಾಗೂ ಅವ್ವ. ಮರಾಠಿ ಮಂದಿ ಅದು ನಮ್ಮದು ಅಂತಾರ, ನಿಮ್ಮವರು ‘ತಾಯಿ’ಯಿಂದ ಬಂತು ಅಂತಾರ. ಎಲ್ಲಿಂದ ಬಂತೋ ದೇವರಿಗೇ ಗೊತ್ತು.” ಅವಳ ದನಿ ಸಣ್ಣಗಾಯಿತು. “ನಮ್ಮ ಆಯಿ ಸತ್ತ ಮ್ಯಾಲ ನಾ ಯಾರಿಗೂ ಹಂಗ ಕರದಿಲ್ಲ. ನಿಮ್ಮ ಅಜ್ಜಿ ಮುಂದ ನಿಂತಾಗ ಅದು ಗಂಟಲತನಕ ಬರ್ತೈತಿ, ಅಲ್ಲೇ ನಿಲ್ತೈತಿ.”

ಲೋಕೇಶನಿಗೆ ನಾಚಿಕೆಯಾಯಿತು. ಅವಳ ಕೈ ಹಿಡಿಯಬೇಕೆನಿಸಿತು. ಸುತ್ತ ಹೆಲ್ಮೆಟ್ ಹಾಕಿಕೊಂಡ ಮಂದಿ ನೋಡುತ್ತಿದ್ದರು. ಆದರೂ ಹಿಡಿದೇಬಿಟ್ಟ.

“ನಾ ಹೇಳ್ತೇನಿ ಆಕಿಗೆ.”

“ಬ್ಯಾಡ. ನಾನ ಹೇಳ್ತೇನಿ.”

ರವಿವಾರ ಅವಳು ನೆಲ ನೋಡುತ್ತಲೇ ಎಲ್ಲ ಹೇಳಿದಳು. ಗುರುಸಿದ್ದವ್ವ ಎಲೆಗೆ ಸುಣ್ಣ ಹಚ್ಚುವುದನ್ನೂ ಮರೆತು ಕೇಳಿದಳು.

“ಹಂಗಾರ ಅನ್ನಬ್ಯಾಡ,” ಎಂದಳು. “ಅದು ನಿಮ್ಮವ್ವಂದು, ಆಕಿಗೇ ಇರ್ಲಿ. ನನಗೂ ಒಂದ್ ಹೆಸರೈತಿ. ಗುರುಸಿದ್ದವ್ವ ಅಂತ ಕರಿ.”

ಒಳಗೆ ಲೋಕೇಶನ ಅಪ್ಪ ಕೆಮ್ಮಿದ. ಮನೆಗೆ ಬರುವ ಸೊಸೆ ಹಿರಿಯಳ ಹೆಸರು ಹಿಡಿದು ಕರೆಯುವುದುಂಟೇ?

“ಆಕಿ ಕರೀತಾಳ, ನಿನಗ್ಯಾಕ ಕೆಮ್ಮು?” ಎಂದು ಮುದುಕಿ ಗದರಿಸಿದಳು. ಎಲಿಜಬೆತ್ ನಕ್ಕಳು, ಕಣ್ಣೊರೆಸಿಕೊಂಡಳು.

ಒಪ್ಪಿಗೆ ಸಿಕ್ಕಿತು. ಆದರೂ ಬೀಳ್ಕೊಡಲು ಹೊಸ್ತಿಲಲ್ಲಿ ನಿಂತ ಅಜ್ಜಿ ಏನನ್ನೋ ಬಿಟ್ಟುಕೊಟ್ಟವಳಂತೆ ಕಂಡಳು.

ಬೈಕ್ ಸ್ಟಾರ್ಟ್ ಆಯಿತು. ಹಿಂದೆ ಕೂತವಳು ಅವನ ಹೆಗಲು ತಟ್ಟಿ, “ತಡಿ,” ಎಂದಳು. ಇಳಿದು ಹೊಸ್ತಿಲವರೆಗೆ ಓಡಿದಳು.

“ಆಯಿ,” ಎಂದಳು. ತುಸು ತಡೆದು, “ಬರ್ತೇನ್ರಿ.”

ಗುರುಸಿದ್ದವ್ವ ಅವಳ ಗಲ್ಲ ಹಿಡಿದಳು.

“ಹೋಗಿ ಬಾ, ಮಗಳ.”