ಹಿನ್ನೀರಿನ ಮರದ ಕಪ್ಪೆ

ಎಮ್ಮೆ ನೀರಿಗಿಳಿಯಲು ಒಪ್ಪಲಿಲ್ಲ. ಕೆರಿಯಮ್ಮ ಬೈದಳು, ಬೆನ್ನಿಗೆ ಎರಡು ಬಿಟ್ಟಳು, ಬಾಲ ತಿರುಚಿದಳು. ಊಹೂಂ. ಇದಕ್ಕೇನು ದೆವ್ವ ಮೆಟ್ಟಿತೇ ಎಂದುಕೊಂಡು ತಾನೇ ಮುಂದೆ ಹೋಗಿ ನೋಡಿದಳು. ದಡದ ಬೇರುಗಳ ನಡುವೆ ಒಬ್ಬ ಮನುಷ್ಯ ಬೋರಲಾಗಿ ತೇಲುತ್ತಿದ್ದ. ಖಾಕಿ ಪ್ಯಾಂಟು, ಕಾಲಲ್ಲಿ ಕ್ಯಾನ್ವಾಸ್ ಶೂ. ಅವಳು ಕಿರುಚಿದ ಕೂಗಿಗೆ ಎಮ್ಮೆಯೇ ಬೆದರಿ ಗುಡ್ಡ ಹತ್ತಿತು.

ಹೊಸನಗರದಿಂದ ಸಬ್ ಇನ್‌ಸ್ಪೆಕ್ಟರ್ ನಾಗರಾಜಪ್ಪ ಬಂದು ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಬಿಸಿಲೆಂದರೆ ಹೆಸರಿಗಷ್ಟೆ. ಪುಷ್ಯ ಮಾಸದ ಮಂಜು ಇನ್ನೂ ನೀರಿನ ಮೇಲೆ ಕೂತೇ ಇತ್ತು. ಅಣೆಕಟ್ಟಿನ ನೀರು ಮೊದಲ ಸಲ ಏರಿ ಆರು ತಿಂಗಳಾಗಿತ್ತು, ಅಷ್ಟೆ. ಕಲ್ಮಕ್ಕಿ ಎಂಬ ಊರು ಇದ್ದ ಜಾಗದಲ್ಲಿ ಈಗ ಕನ್ನಡಿಯಂಥ ನೀರು. ಅದರ ಕಡೆ ನೋಡಲೂ ಆ ಊರಿನವರಿಗೆ ಮನಸ್ಸಾಗುತ್ತಿರಲಿಲ್ಲ.

ಸತ್ತವನ ಗುರುತು ಕೂಡಲೇ ಸಿಕ್ಕಿತು. ಹೇರಂಬ. ಜೋಗದ ಕರೆಂಟು ಕಾರ್ಖಾನೆಯ ಫೋರ್‌ಮನ್, ಮಂಗಳೂರು ಕಡೆಯವನು. ಭಾನುವಾರ ಬಂತೆಂದರೆ ಮೀನು ಹಿಡಿಯುವ ರಾಡು ರೀಲು ಹೊತ್ತು ಹಿನ್ನೀರಿಗೆ ಬರುವ ಹುಚ್ಚು.

"ಕಾಲು ಜಾರಿ ಬಿದ್ದಿದ್ದಾನೆ ಸಾರ್," ಎಂದ ಕಾನ್‌ಸ್ಟೇಬಲ್ ಪುಷ್ಪದಂತ. ಜೈನರ ಹುಡುಗ. ಮೀನಿನ ವಾಸನೆಗೆ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. "ದೊಡ್ಡ ಮೀನು ಎಳೆದಿರಬೇಕು."

"ಮೀನು ತಿನ್ನದವನು ಮೀನಿನ ಮೇಲೇ ಕೇಸು ಹಾಕ್ತೀಯಲ್ಲಯ್ಯ," ಎಂದ ನಾಗರಾಜಪ್ಪ.

ರಾಡು ಎರಡು ಬೇರುಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನೈಲಾನ್ ದಾರದ ತುದಿಯಲ್ಲಿ ಹಸಿರು ಬಣ್ಣ ಬಳಿದ ಮರದ ಕಪ್ಪೆಯೊಂದು ತೇಲುತ್ತಿತ್ತು. ಹೊಟ್ಟೆಯಡಿ ಎರಡು ಗಾಳ. ಗಾಳಗಳ ಮೊನೆಯನ್ನು ಸಣ್ಣ ತಂತಿ ಬಗ್ಗಿಸಿ ಮುಚ್ಚಲಾಗಿತ್ತು. ನಾಗರಾಜಪ್ಪ ತೀರ್ಥಹಳ್ಳಿಯವನು, ತುಂಗೆಯ ದಡದಲ್ಲಿ ಗಾಳ ಹಿಡಿದೇ ಬೆಳೆದವನು. ಅವನ ಕಣ್ಣಿಗೆ ಆ ಕಪ್ಪೆ ಒಪ್ಪಲಿಲ್ಲ. ಯಾಕೆಂದು ಮಾತ್ರ ಆಗ ಹೊಳೆಯಲಿಲ್ಲ.

ಸಾಗರದ ಡಾಕ್ಟರು ಸಂಜೆಗೆ ಹೇಳಿ ಕಳಿಸಿದರು. ನೀರು ಕುಡಿದು ಸತ್ತದ್ದು ನಿಜ. ಆದರೆ ಅದಕ್ಕೆ ಮುಂಚೆ ತಲೆಯ ಹಿಂದೆ ಏಟು ಬಿದ್ದಿದೆ. ಕಲ್ಲಿನ ಏಟಲ್ಲ, ಮರದ್ದು.

* * *

ಕೊಲೆ ಎಂದ ಮೇಲೆ ಬೊಟ್ಟು ಮಾಡಲು ಜನ ಬೇಕಾದಷ್ಟು ಸಿಕ್ಕರು. ಎಲ್ಲರ ಬೊಟ್ಟೂ ಒಬ್ಬನ ಕಡೆಗೇ. ಅರಳಸುರಳಿಯ ಕನ್ನಪ್ಪ.

ದೋಣಿ ಕಡವಿನಲ್ಲಿ ಕನ್ನಪ್ಪನ ತಂಗಿ ಗುತ್ಯಮ್ಮ ಕಾಫಿ ಅಂಗಡಿ ಇಟ್ಟಿದ್ದಳು. ಗಂಡ ಬೆಳ್ಳಪ್ಪ ಊರು ಮುಳುಗುವ ಹೊತ್ತಿನಲ್ಲೇ ಅವಳನ್ನು ಬಿಟ್ಟು ಘಟ್ಟದ ಕೆಳಗೆ ಓಡಿಹೋಗಿದ್ದ ಎಂದು ಊರೆಲ್ಲ ಮಾತು. ಹೇರಂಬ ದೋಣಿ ಹತ್ತುವ ಮುಂಚೆ ಆ ಅಂಗಡಿಯಲ್ಲಿ ಕೂತು ಹರಟುತ್ತಿದ್ದ. ಗಂಡ ಬಿಟ್ಟವಳ ಜೊತೆ ಪರವೂರಿನವನು ನಕ್ಕರೆ ಸುಮ್ಮನಿರುತ್ತಾರೆಯೇ? ಸುದ್ದಿ ಅರಳಸುರಳಿಗೂ ಮುಟ್ಟಿತು. ಶನಿವಾರ ಕನ್ನಪ್ಪ ಬಂದವನೇ ಹೇರಂಬನ ಕೊರಳಪಟ್ಟಿ ಹಿಡಿದ. "ಇನ್ನೊಂದ್ಸಲ ಇಲ್ಲಿ ಕಂಡ್ರೆ ನೀರಿಗೆ ಹಾಕ್ತೀನಿ" ಎಂದ. ಕಡವಿನಲ್ಲಿದ್ದವರೆಲ್ಲ ಕೇಳಿದ್ದಾರೆ. ಭಾನುವಾರ ಹೇರಂಬ ಸತ್ತ.

"ಭಾನುವಾರ ಎಲ್ಲಿದ್ದೆ?"

"ವರದಹಳ್ಳಿಗೆ ಹೋಗಿದ್ದೆ ಸ್ವಾಮಿ."

"ಆಶ್ರಮಕ್ಕಾ? ನಿನ್ನನ್ನ ಕಂಡವರು?"

"ಸಾವ್ರ ಜನ. ನನ್ನ ಮುಖ ಯಾರು ನೋಡ್ತಾರೆ?" ಕನ್ನಪ್ಪ ತಲೆ ತಗ್ಗಿಸಿದ. "ಭಾವನ ಹಾಗಿರೋನು ಅಲ್ಲಿ ಊಟದ ಪಂಕ್ತಿಯಲ್ಲಿ ಕಂಡ ಅಂತ ಒಬ್ರು ಹೇಳಿದ್ರು. ಹುಡುಕ್ಲಿಕ್ಕೆ ಹೋದೆ. ತಂಗಿಗೆ ಹೇಳ್ಬೇಡಿ, ಸುಮ್ನೆ ಆಸೆ ಹುಟ್ತದೆ."

ಕತೆ ಚೆನ್ನಾಗಿದೆ, ಸಾಕ್ಷಿ ಇಲ್ಲ. ಮೇಲಿನವರು ಅವಸರ ಮಾಡುತ್ತಿದ್ದರು. ನಾಗರಾಜಪ್ಪ ಅವನನ್ನು ಲಾಕಪ್ಪಿಗೆ ಹಾಕಿದ. ಮನಸ್ಸಿಗೆ ಒಗ್ಗದ ಕೆಲಸ, ಆದರೂ ಹಾಕಿದ.

ಗುತ್ಯಮ್ಮ ಮಾರನೆಯ ದಿನವೇ ಬುತ್ತಿ ಹಿಡಿದು ಠಾಣೆಗೆ ಬಂದಳು. ಅಳಲಿಲ್ಲ. ಕೂಗಾಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ನಂಗೆ ಅಂತ ಉಳಿದಿರೋನು ಅವ್ನೊಬ್ಬ. ಅವನನ್ನೂ ಕಳಿಸಿಬಿಡ್ತೀರಾ ಸ್ವಾಮಿ?"

ನಾಗರಾಜಪ್ಪ ಬುತ್ತಿಯನ್ನು ಒಳಗೆ ಕಳಿಸಿದ. ಬೇರೆ ಮಾತೆತ್ತಿದ. "ಭಾನುವಾರ ಹೇರಂಬ ನಿನ್ನ ಅಂಗಡಿಗೆ ಬಂದಿದ್ದನಾ?"

"ಬಂದಿದ್ರು. ಕಾಫಿ ಕುಡೀತಾ ಗಾಳದ ದಾರಕ್ಕೆ ಹಿತ್ತಾಳೆ ತಗಡು ಕಟ್ಕಂಡ್ರು."

"ತಗಡು? ಕಪ್ಪೆ ಅಲ್ವಾ?"

"ಅಲ್ಲ ಸ್ವಾಮಿ. ಚಮಚದ ಹಾಗೆ ಹೊಳೀತಿತ್ತು. ಹತ್ತು ಸುತ್ತು ಸುತ್ತಿ, ಗಂಟಿಗೆ ಎಂಜಲು ಹಚ್ಚಿ ಎಳೆದ್ರು. ಎಂತ ಮಡಿವಂತ್ರಪ್ಪ ಇವ್ರು ಅಂತ ನಂಗೆ ನಗು ಬಂತು." ಅವಳ ಮುಖ ಮತ್ತೆ ಕಪ್ಪಿಟ್ಟಿತು. "ಒಳ್ಳೇ ಮನುಷ್ಯ. ನನ್ನ ಗಂಡನ ಚಹರೆ ಕೇಳಿ, ಮಂಗಳೂರು ಕಡೆ ಹುಡುಕಿಸ್ತೀನಿ ಅಂದಿದ್ರು. ಅದೇ ನಮ್ಮ ಹರಟೆ."

* * *

ದಡದಲ್ಲಿ ಸಿಕ್ಕಿದ್ದ ಹೇರಂಬನ ತಗಡಿನ ಪೆಟ್ಟಿಗೆಯನ್ನು ನಾಗರಾಜಪ್ಪ ಮೇಜಿನ ಮೇಲೆ ತೆರೆದ. ಒಳಗೆ ಗೂಡು ಗೂಡು. ಸೀಸದ ಗುಂಡು, ಬೆಂಡು, ತೆಳು ದಾರ, ದಪ್ಪ ದಾರ. ಚಮಚದಂತೆ ಬಾಗಿದ ಬೆಳ್ಳಿ ಬಣ್ಣದ ಸ್ಪೂನು, ತಾಮ್ರದ ಸ್ಪೂನು, ಬಣ್ಣದ ಗರಿ ಕಟ್ಟಿದವು. ಇನ್ನೂ ಮೂರು ಮರದ ಕಪ್ಪೆ. ಹಿತ್ತಾಳೆಯ ಸ್ಪೂನು ಮಾತ್ರ ಎಲ್ಲೂ ಇಲ್ಲ.

"ಇಷ್ಟೆಲ್ಲ ಬೇಕಾ ಸಾರ್, ಒಂದು ಮೀನಿಗೆ?" ಪುಷ್ಪದಂತನಿಗೆ ಅಸಹ್ಯವೂ ಕುತೂಹಲವೂ ಒಟ್ಟಿಗೇ.

"ನೀರು ನೋಡಿ ಆರಿಸಬೇಕು. ತಿಳಿನೀರು, ಕೆಳಗೆ ತೊಡಕಿಲ್ಲ ಅಂದರೆ ಸ್ಪೂನು. ಮುಳುಗುತ್ತೆ, ಎಳೆದಾಗ ಮಿನುಗುತ್ತೆ, ಮೀನು ನುಗ್ಗುತ್ತೆ. ಅದಕ್ಕೆ ಮೂರು ಮೊನೆಯ ಗಾಳ. ಕಸ ಕಡ್ಡಿ ಇದ್ದರೆ ಎಲ್ಲಕ್ಕೂ ಸಿಕ್ಕಿಕೊಳ್ಳುತ್ತೆ. ಅಂಥ ಕಡೆ ಈ ಕಪ್ಪೆ. ಮೇಲೇ ತೇಲುತ್ತೆ."

ಅವನು ಒಂದು ಕಪ್ಪೆ ಎತ್ತಿ ತಿರುಗಿಸಿದ. ತಂತಿಗಳು ನೆಟ್ಟಗಿದ್ದವು. ಇನ್ನೊಂದರಲ್ಲೂ ನೆಟ್ಟಗೆ. ರಾಡಿನಲ್ಲಿದ್ದ ಕಪ್ಪೆಯಲ್ಲಿ ಮಾತ್ರ ತಂತಿ ಬಗ್ಗಿಸಿ ಮೊನೆ ಮುಚ್ಚಿದೆ.

"ತಂತಿ ಹಾಕಿದರೆ ಗಾಳ ತೊಡಕಿಕೊಳ್ಳಲ್ಲ. ಆದರೆ ಎಷ್ಟೋ ಮೀನೂ ತಪ್ಪಿಸಿಕೊಳ್ಳುತ್ತೆ. ತೀರಾ ಬೇಕಾದ ಕಡೆ ಮಾತ್ರ ಹಾಕೋದು. ಅಲ್ಲಿ ಕನ್ನಡಿ ಹಾಗೆ ನೀರಿತ್ತಲ್ಲಯ್ಯ. ಒಂದು ಹುಲ್ಲುಕಡ್ಡಿ ಕಂಡೆಯಾ?"

"ಇಲ್ಲ. ಆದರೆ ಸಾರ್, ಸ್ಪೂನು ಕೆಳಗೆ ಸಿಕ್ಕಿಕೊಂಡು ಹರಿದುಹೋಗಿದ್ದರೆ? ತೊಡಕಿದೆ ಅಂತ ಗೊತ್ತಾಗಿ ಅವನೇ ಕಪ್ಪೆ ಕಟ್ಟಿರಬಹುದಲ್ಲ."

ಹುಡುಗ ಪರವಾಗಿಲ್ಲ. ನಾಗರಾಜಪ್ಪ ಖುಷಿಯಿಂದ ಅವನ ಬೆನ್ನು ತಟ್ಟಿ, ದಾರದ ತುದಿಯನ್ನು ದೀಪದ ಹತ್ತಿರ ಹಿಡಿದ. ಹಿಡಿದವನು ಹಾಗೇ ನಿಂತುಬಿಟ್ಟ.

ಸುತ್ತು ಇಲ್ಲ. ಗಂಟಿನ ಮೇಲೊಂದು ಗಂಟು, ದನ ಕಟ್ಟುವ ಹಾಗೆ. ಪುಂಡಿ ನಾರಿನ ಹುರಿಗೆ ಅದು ಸಾಕು. ಜಾರುವ ನೈಲಾನಿಗೆ ಅದು ನಿಲ್ಲುವುದಿಲ್ಲ. ಅವನು ಬೆರಳಿನಿಂದ ಎಳೆದ. ಗಂಟು ಜಾರಿ, ಕಪ್ಪೆ ಮೇಜಿನ ಮೇಲೆ ಬಿತ್ತು. ದಾರದ ತುದಿಯಲ್ಲಿ ಹಲ್ಲಿನಿಂದ ಕಚ್ಚಿದ ಗುರುತು ಕಂಡಿತು.

"ಎಂಜಲು ಹಚ್ಚಿ ಹತ್ತು ಸುತ್ತು ಸುತ್ತುವವನು ಹೀಗೆ ಕಟ್ಟುತ್ತಾನಾ? ಇದು ಹೇರಂಬನ ಕೈ ಅಲ್ಲ."

"ಕನ್ನಪ್ಪನದಾ?"

"ನಾಳೆ ನೋಡೋಣ."

* * *

ಬೆಳಿಗ್ಗೆ ನಾಗರಾಜಪ್ಪ ಲಾಕಪ್ಪಿನಲ್ಲಿ ಪೆಟ್ಟಿಗೆಯನ್ನು ಕನ್ನಪ್ಪನ ಮುಂದೆ ಇಟ್ಟ. ಹೇರಂಬ ಸತ್ತ ಜಾಗದಲ್ಲಿ ಮೀನು ಹಿಡಿಯಬೇಕು, ಒಂದು ಆರಿಸು ಎಂದ. ಕನ್ನಪ್ಪ ಕಕ್ಕಾಬಿಕ್ಕಿಯಾದ. ಕೊನೆಗೆ ಗರಿ ಕಟ್ಟಿದ್ದೊಂದನ್ನು ಎತ್ತಿದ. "ಇದು ಚಂದ ಐತೆ," ಎಂದ. ತೊಡಕಿನ ಯೋಚನೆಯೇ ಅವನ ತಲೆಯಲ್ಲಿ ಇರಲಿಲ್ಲ. ತಂಗಿಯನ್ನು ಕಲ್ಮಕ್ಕಿಗೆ ಕೊಟ್ಟಿದ್ದರೂ ಅವನು ಆ ಊರಿಗೆ ಬಂದದ್ದು ಮದುವೆಗೆ ಒಂದು ಸಲ.

ಆಮೇಲೆ ನಾಗರಾಜಪ್ಪ ಪುಷ್ಪದಂತನನ್ನೂ ಕರೆದುಕೊಂಡು, ತನ್ನದೇ ರಾಡು ಹಿಡಿದು ಕಡವಿಗೆ ಹೋದ. ದೋಣಿಯವನು ಜಟ್ಟಪ್ಪ, ಬೆಳ್ಳಪ್ಪನ ಅಣ್ಣ. ಮಾತು ಕಮ್ಮಿ. ತಮ್ಮ ಓಡಿಹೋದ ಮೇಲೆ ನಾದಿನಿಗೆ ಅಂಗಡಿ ಹಾಕಿಕೊಟ್ಟ ದೊಡ್ಡ ಮನುಷ್ಯ ಎಂದು ಊರಲ್ಲಿ ಒಳ್ಳೆಯ ಹೆಸರು. ಭಾನುವಾರ ಹೇರಂಬನನ್ನು ಆಚೆ ದಡಕ್ಕೆ ಬಿಟ್ಟು ವಾಪಸು ಬಂದೆ, ಆಮೇಲೆ ನೋಡಲಿಲ್ಲ ಎಂದು ಮೊದಲೇ ಹೇಳಿಕೆ ಕೊಟ್ಟಿದ್ದ.

"ಅದೇ ಜಾಗಕ್ಕೆ ನಡೆಸು ಜಟ್ಟಪ್ಪ. ಒಂದು ಕೈ ನೋಡೋಣ."

"ಸತ್ತ ಜಾಗ ಸ್ವಾಮಿ. ಬೇರೆ ಕಡೆ ಒಳ್ಳೇ ಅವುಲು ಮೀನು ಐತೆ."

"ಅಲ್ಲಿಗೇ ನಡೆಸು."

ದೋಣಿ ನಿಂತಿತು. ನಾಗರಾಜಪ್ಪ ದೊಡ್ಡ ಸ್ಪೂನೊಂದನ್ನು ಕಟ್ಟಿದ. ಮೂರು ಮೊನೆ ಬಿಸಿಲಿಗೆ ಹೊಳೆದವು. ರಾಡು ಹಿಂದಕ್ಕೆತ್ತಿದ. ದೋಣಿ ಓಲಾಡಿತು. ತಿರುಗಿ ನೋಡಿದರೆ ಜಟ್ಟಪ್ಪ ಹುಟ್ಟು ಹಾಕಿ ದೋಣಿಯನ್ನು ತಿರುಗಿಸುತ್ತಿದ್ದ.

"ಏನಯ್ಯ?"

"ಅದು ಬ್ಯಾಡ ಸ್ವಾಮಿ. ಸಿಕ್ಕಾಕ್ಕಂತದೆ."

"ಯಾವುದಕ್ಕೆ? ಏನೂ ಕಾಣಲ್ಲವಲ್ಲ."

"ಅಡಿಗೆ ಬಿದಿರು ಮೆಳೆ ಐತೆ. ಕಡಿದ ಮೋಟು."

"ನಿನಗೆ ಹೇಗೆ ಗೊತ್ತು?"

ಜಟ್ಟಪ್ಪ ಹುಟ್ಟು ನಿಲ್ಲಿಸಿದ. ನೀರಿನ ಕಡೆ ನೋಡಿದ. "ಅದು ನಮ್ಮ ಹಿತ್ಲು," ಎಂದ.

ನಾಗರಾಜಪ್ಪ ಬೀಸಿಯೇ ಬಿಟ್ಟ. ಸ್ಪೂನು ಮುಳುಗಿತು. ನಿಧಾನವಾಗಿ ಸುತ್ತಿದ. ಖಾಲಿ ಬಂತು. ಮತ್ತೆ ಬೀಸಿದ.

"ಬ್ಯಾಡ ಸ್ವಾಮಿ, ನಿಮ್ಮ ದಮ್ಮಯ್ಯ!"

ಈ ಸಲ ಹಿಡಿಯಿತು. ರಾಡು ಬಗ್ಗಿತು. ಪುಷ್ಪದಂತ ಕರವಸ್ತ್ರ ಎಸೆದು ದಾರಕ್ಕೆ ಕೈ ಹಾಕಿದ. ಏನೋ ಹರಿದ ಹಾಗಾಗಿ ಭಾರ ಸಡಿಲಿತು. ಮೇಲೆ ಬಂದದ್ದು ಕೆಸರು ಮೆತ್ತಿದ ಕರಿ ಕಂಬಳಿಯ ತುಂಡು. ಅದಕ್ಕೆ ಹಗ್ಗದ ಒಂದು ಗಂಟು ಅಂಟಿಕೊಂಡಿತ್ತು. ಗಂಟಿನ ಮೇಲೊಂದು ಗಂಟು.

ಜಟ್ಟಪ್ಪನ ಕೈಯಿಂದ ಹುಟ್ಟು ಜಾರಿ ನೀರಿಗೆ ಬಿತ್ತು. ಅವನು ದೋಣಿಯ ತಳದಲ್ಲಿ ಕುಸಿದು ಕೂತ.

* * *

ಅವನ ಗುಡಿಸಲಿನ ಮಾಡಿನ ಹುಲ್ಲಿನೊಳಗೆ ಹಿತ್ತಾಳೆ ಸ್ಪೂನು ಸಿಕ್ಕಿತು. ಅದರ ಮೂರು ಮೊನೆಗೆ ಬೆಳ್ಳಿಯ ಉಡಿದಾರವೊಂದು ತೊಡಕಿಕೊಂಡೇ ಇತ್ತು.

"ಇದನ್ನ ಯಾಕೆ ಇಟ್ಕೊಂಡೆ? ನೀರಿಗೆ ಎಸೆದಿದ್ದರೆ ಮುಗೀತಿತ್ತಲ್ಲ," ಎಂದು ಪುಷ್ಪದಂತನೇ ಕೇಳಿದ.

"ತಮ್ಮಂಗೆ ನಮ್ಮವ್ವ ಕಟ್ಟಿದ್ದು. ಕೈ ಬರ್ಲಿಲ್ಲ."

ಉಳಿದದ್ದನ್ನು ಅವನೇ ಹೇಳಿದ. ಊರು ಬಿಡುವ ದಿನ ಮನೆಯ ಚೌಡಿ ಕಲ್ಲನ್ನು ಯಾರು ಒಯ್ಯಬೇಕೆಂದು ಜಗಳ. ಹೆಂಡತಿಯ ಊರಿನ ಕಡೆ ಒಯ್ಯುತ್ತೇನೆ ಎಂದ ಬೆಳ್ಳಪ್ಪ. ಹಿರಿಯ ನಾನಿರುವಾಗ ದೇವರನ್ನು ಹೆಂಗಸಿನ ತೌರಿಗೆ ಕಳಿಸುವುದೇ ಎಂದು ಜಟ್ಟಪ್ಪನಿಗೆ ತಲೆ ಕೆಟ್ಟಿತು. ಕೈಯಲ್ಲಿ ಹಾರೆಯಿತ್ತು. ಒಂದೇ ಏಟು. ನೀರು ಆಗಲೇ ಹಿತ್ತಲಿನ ಅಂಚಿಗೆ ಬಂದಿತ್ತು. ಕಂಬಳಿಯಲ್ಲಿ ಸುತ್ತಿ ಬಿದಿರಿನ ಬುಡಕ್ಕೆ ಕಟ್ಟಿದ. ಬೆಳಗಾಗುವುದರೊಳಗೆ ಎಲ್ಲ ಮುಳುಗಿತ್ತು. ತಮ್ಮ ಓಡಿಹೋದನೆಂದು ಊರಿಗೆ ಹೇಳಿದವನೂ ಅವನೇ.

"ಭಾನುವಾರ ದೋಣಿಯಿಂದ್ಲೇ ಬೀಸ್ತೀನಿ ಅಂದ್ರು ಆ ಪುಣ್ಯಾತ್ಮ. ಬ್ಯಾಡ ಅಂದ್ರೆ ಕೇಳ್ಲಿಲ್ಲ. ಉಡಿದಾರ ಮೇಲೆ ಬಂತು. 'ಜಟ್ಟಪ್ಪ, ಅಡೀಲಿ ಯಾರೋ ಇದಾರೆ' ಅಂದ್ರು. ಹುಟ್ಟು ಕೈಯಲ್ಲೇ ಇತ್ತು."

"ರಾಡಿಗೆ ಕಪ್ಪೆ ಯಾಕೆ ಕಟ್ಟಿದೆ?"

"ದಾರ ತುಂಡಾಗಿದ್ರೆ ಎಂತಕ್ಕೆ ಸಿಕ್ಕಾಕ್ಕಂತು ಅಂತ ನೀವು ಅಡಿ ಹುಡುಕ್ತಿದ್ರಿ. ಮಂಜಿನಲ್ಲಿ ಯಾರಿಗೂ ಕಾಣ್ಲಿಲ್ಲ, ಆದ್ರೆ ಕಡವಿನಲ್ಲಿ ಜನ ಇದ್ರು, ಹೆಣ ಬೇರೆ ಕಡೆ ಒಯ್ಯಂಗಿರ್ಲಿಲ್ಲ. ಜಾರಿ ಬಿದ್ದ ಹಾಗೆ ಕಾಣ್ಲಿ ಅಂತ ಕಟ್ಟಿದೆ."

ಠಾಣೆಗೆ ಹಿಂದಿರುಗುವಾಗ ಪುಷ್ಪದಂತ ಕೇಳಿದ, "ನಿಮಗೆ ಜಟ್ಟಪ್ಪನ ಮೇಲೆ ಯಾವಾಗ ಅನುಮಾನ ಬಂತು ಸಾರ್?"

"ತಂತಿ ನೋಡಿದಾಗ. ಹೊರಗಿನವನು ಕಣ್ಣಿಗೆ ಕಂಡ ನೀರಿಗೆ ಗಾಳ ಆರಿಸ್ತಾನೆ. ಇವನು ಆರಿಸಿದ್ದು ತನಗೆ ಗೊತ್ತಿದ್ದ ಹಿತ್ತಲಿಗೆ. ಸುಳ್ಳಿಗೆ ಕಟ್ಟುವಾಗಲೂ ಬಿದಿರಿಗೆ ಸಿಕ್ಕದ ಹಾಗೇ ಕಟ್ಟಿದ. ಹುಟ್ಟಿ ಬೆಳೆದ ಜಾಗ ನೋಡು, ಕೈಗೆ ಮರೆಯೋದು ಹೇಗೆ? ಗಂಟು ಹೇಳಿದ್ದು ಕೈ ಬೇರೆಯವರದು ಅಂತಷ್ಟೇ. ಆ ನೀರಿನ ಅಡಿ ಗೊತ್ತಿದ್ದವನು, ಭಾನುವಾರ ಹೇರಂಬನ ಜೊತೆ ಇದ್ದವನು, ಇಬ್ಬರೂ ಒಬ್ಬನೇ."

ಗೆದ್ದ ಮಾತು ಅದು. ಆದರೆ ಅವನ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಠಾಣೆಯ ಜಗಲಿಯಲ್ಲಿ ಗುತ್ಯಮ್ಮ ಕೂತಿರುವುದು ದೂರದಿಂದಲೇ ಕಂಡಿತ್ತು.

* * *

ಲಾಕಪ್ಪಿನ ಬಾಗಿಲು ತೆಗೆಸಿ ಕನ್ನಪ್ಪನನ್ನು ಹೊರಗೆ ಕರೆಸಿದ. ಗುತ್ಯಮ್ಮ ಎದ್ದು ನಿಂತಳು. ಅಣ್ಣನ ತೋಳು ಮುಟ್ಟಿ ನೋಡಿದಳು. ಆರು ತಿಂಗಳಲ್ಲಿ ಮೊದಲ ಸಲವೋ ಏನೋ, ಅವಳ ಮುಖ ಅರಳಿತು.

"ಬಿಟ್ರಾ ಸ್ವಾಮಿ? ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ನಾಗರಾಜಪ್ಪ ಉಡಿದಾರವನ್ನು ಮೇಜಿನ ಮೇಲಿಟ್ಟ. ಗುರುತು ಹಿಡಿಸದೆ ವಿಧಿಯಿರಲಿಲ್ಲ. ಅವಳು ನೋಡಿದಳು. ಕೈ ಮುಂದೆ ಚಾಚಿ, ಮುಟ್ಟದೆ ಹಿಂದಕ್ಕೆಳೆದುಕೊಂಡಳು.

"ಇದು ಎಲ್ಲಿ ಸಿಕ್ತು?"

ಅವನು ಹೇಳಿದ. ಮುಚ್ಚುಮರೆ ಮಾಡದೆ ಎಲ್ಲ ಹೇಳಿದ. ಕನ್ನಪ್ಪ ಗೋಡೆಗೆ ತಲೆ ಒತ್ತಿ ಬಿಕ್ಕತೊಡಗಿದ. ಅವಳು ಮಾತ್ರ ನಿಂತೇ ಇದ್ದಳು.

"ಹಂಗಾದ್ರೆ ಅವ್ರು ಬಿಟ್ಟು ಹೋಗ್ಲಿಲ್ವಾ?"

"ಇಲ್ಲಮ್ಮ. ನಿನ್ನ ತೌರಿನ ಕಡೆಗೇ ಹೊರಟಿದ್ದ."

"ಅಯ್ಯೋ ದೇವ್ರೇ," ಎಂದಳು. ಕುಸಿದು ಕೂತು ಎರಡೂ ಕೈಯಿಂದ ಬಾಯಿ ಬಡಿದುಕೊಂಡಳು. "ಎಲ್ಲಾದ್ರೂ ಬಿದ್ದು ಸಾಯ್ಲಿ, ಹೆಣ ಕೂಡ ಸಿಕ್ಕದಿರ್ಲಿ ಅಂತ ದಿನಾ ಬೆಳಿಗ್ಗೆ ಆ ನೀರಿನ ಮುಂದೆ ನಿಂತು ಶಾಪ ಹಾಕ್ತಿದ್ನಲ್ಲ ಸ್ವಾಮಿ! ಅವ್ರು ಅಲ್ಲೇ ಇದ್ರಲ್ಲ, ಎಲ್ಲ ಕೇಳಿಸ್ಕೊಂಡ್ರೋ ಏನೋ!"