ಸುಗಂಧಾಳ ಎದೆಯ ಚೂರು

"ಮೇಣ ಕೊಡು!"

"ಯಾವ ಮೇಣ?"

ಕೆನ್ನೆಗೆ ಬಿತ್ತು. ಖಾಲಿ ಗೋಣಿಚೀಲಗಳ ರಾಶಿಯ ಮೇಲೆ ಉರುಳಿದೆ. ಬಿಳಿ ಧೂಳು ಭುಗ್ಗೆಂದು ಎದ್ದಿತು. ಉಸಿರು ಬಿಗಿಹಿಡಿದೆ. ನಗಬೇಡಿ! ಹುಲಿಯಾನ ಚೂರಿಗಿಂತ ಆ ಧೂಳಿಗೇ ನಾನು ಹೆಚ್ಚು ಹೆದರಿದ್ದೆ.

ಅಂಕೋಲೆಯ ಗೋಡೌನು. ಕಿಟಕಿ ಇಲ್ಲ. ಇದ್ದದ್ದು ಒಂದೇ ಬಾಗಿಲು. ಹುಲಿಯಾ ಅದಕ್ಕೆ ಒಳಗಿನಿಂದ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ.

ನಾನು ಜಟ್ಟು. ಕಾರವಾರದ ಹಬ್ಬುವಾಡದವನು. ಕೋರ್ಟು, ಕಚೇರಿ, ಸ್ಟೇಷನ್ನು... ಯಾರಿಗೆ ಎಲ್ಲಿ ಕೆಲಸ ಆಗಬೇಕೋ ಅಲ್ಲಿ ಮಾಡಿಸಿಕೊಡುವವನು. ಎರಡು ಸಾವಿರದ ಆರರ ಆ ಮೇ ತಿಂಗಳಲ್ಲಿ ನನಗೆ ಸಿಕ್ಕಿದ್ದು ಸುಲಭದ ಕೆಲಸ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಮೇಣದ ತುಂಡನ್ನು ಮಂಗಳೂರಿನ ದೊಡ್ಡ ಲ್ಯಾಬಿಗೆ ಮುಟ್ಟಿಸಬೇಕು. ಮೇಣದೊಳಗೆ ಅಮದಳ್ಳಿಯ ಸುಗಂಧಾಳ ಎದೆಪೊರೆಯಿಂದ ಕೊಯ್ದು ತೆಗೆದ ಚೂರು.

ಸುಗಂಧಾ ಮದುವೆಯಾಗಿ ಬಂದಾಗಿನಿಂದ ಗೋಣಿ ಕೊಡವಿದವಳು. ಯಾವುದೋ ಶೀಟಿನ ಕಾರ್ಖಾನೆಗೆ ಕಲ್ನಾರು ತುಂಬಿ ಬಂದ ಚೀಲಗಳು. ಆಸ್‌ಬೆಸ್ಟಾಸ್! ಆ ಖಾಲಿ ಚೀಲ ತಂದು, ಹೆಂಗಸರಿಂದ ಕೊಡವಿಸಿ, ಹೊಲಿಸಿ, ಒಣಮೀನಿನ ವ್ಯಾಪಾರಿಗಳಿಗೆ ಮಾರುವುದು ಅಂಕೋಲೆಯ ಸಾವ್ಕಾರ ಕಿಶನನ ಧಂದೆ. ಅಪ್ಪನ ಕಾಲದ್ದು.

ಈಗ ಸುಗಂಧಾಳಿಗೆ ಉಸಿರೇ ಸಾಲುತ್ತಿಲ್ಲ. ಟಿ.ಬಿ. ಎಂದು ವರ್ಷವಿಡೀ ಮಾತ್ರೆ ನುಂಗಿದಳು. ಡಾಕ್ಟರ್ ಅಮಿತಾ ಅವರಿಗೆ ಅನುಮಾನ ಬಂತು.

"ಮೀಸೊಥೀಲಿಯೋಮಾ ಇರಬಹುದು ಜಟ್ಟು. ಎದೆಪೊರೆಯ ಕ್ಯಾನ್ಸರ್. ಕಲ್ನಾರಿನ ಎಳೆ ಒಳಗೆ ಹೋಗಿ ಮೂವತ್ತು, ನಲವತ್ತು ವರ್ಷ ಸುಮ್ಮನೆ ಕೂತಿರ್ತದೆ. ಆಮೇಲೆ ಏಳ್ತದೆ. ಈ ತುಂಡು ಕಳೀಬೇಡಿ. ಇನ್ನೊಂದ್ಸಲ ಎದೆ ಕೊಯ್ಸಿಕೊಳ್ಳೂ ಶಕ್ತಿ ಅವಳಿಗಿಲ್ಲ."

ಟಿ.ಬಿ. ಎಂದೇ ಉಳಿದರೆ ಕಿಶನ ಬಚಾವ್! ಸುಗಂಧಾಳ ಮಗಳು ಮಾನಸಾ ಅದೇ ಗೋಣಿ ಕೊಡವುತ್ತಲೇ ಇರುತ್ತಾಳೆ.

ಸುದ್ದಿ ಹೇಗೋ ಕಿಶನನಿಗೆ ಮುಟ್ಟಿತ್ತು. ನನ್ನ ಬೈಕು ಅರ್ಗಾ ದಾಟುವಾಗ ಹಿಂದೆ ಬೊಲೆರೊ. ಚೆಂಡಿಯಾದಲ್ಲಿ ಇನ್ನೂ ಹತ್ತಿರ. ಅವರ್ಸಾದಲ್ಲಿ ಗುದ್ದಿಯೇ ಬಿಟ್ಟಿತು! ಇಳಿದವನು ಕಿಶನನ ಆಳು ಹುಲಿಯಾ; ನನ್ನನ್ನು ಎತ್ತಿಹಾಕಿಕೊಂಡು ಧಣಿಯ ಈ ಗೋಡೌನಿಗೆ ತಂದ.

ಹುಲಿಯಾ ಜೇಬುಗಳನ್ನು ತಡಕಿದ. ಸಿಗಲಿಲ್ಲ. ತುಂಡು ನನ್ನ ಕಾಲುಚೀಲದಲ್ಲಿತ್ತು.

"ಸಾವ್ಕಾರ್ರು ಬರೂದ್ರೊಳಗೆ ಕೊಡು. ಇಲ್ದಿದ್ರೆ ಇಲ್ಲೇ ಹುಗೀತೆ ನಿನ್ನ."

ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮಿದ. ಕೆಮ್ಮುತ್ತಲೇ ಎಡಪಕ್ಕೆ ಹಿಡಿದುಕೊಂಡು ಗೋಣಿಯ ಮೇಲೆ ಕುಸಿದ. ನಾನು ಅವನನ್ನೇ ನೋಡಿದೆ.

"ಎದೆಯಿಂದ ನೀರು ತೆಗೆಸಿದ್ಯಾ?"

ಚೂರಿ ತುಸು ಕೆಳಗಿಳಿಯಿತು.

"ಎರಡ್ ಸಲ... ನಿಂಗೆ ಯಾರು ಹೇಳಿದ್ರು?"

"ಸುಗಂಧಾಗೂ ಹೀಂಗೇ ತೆಗ್ದದ್ದು."

"ನಂದು ಬೀಡಿದು. ಸಾವ್ಕಾರ್ರು ಹೇಳಿದ್ರು."

"ಸುಗಂಧಾ ಬೀಡಿ ಸೇದ್ತಾಳಾ? ಈ ಕ್ಯಾನ್ಸರಿಗೆ ಬೀಡಿ ಬೇಡ ಮಾರಾಯಾ, ಈ ಧೂಳು ಸಾಕು! ನೀನು ಮಲಗೂದು ಎಲ್ಲಿ?"

"ಇಲ್ಲೇ... ಗೋಣಿ ಮೇಲೆ. ಸಣ್ಣಂವ ಇದ್ದಾಗಿಂದ."

"ಸಾವ್ಕಾರ ಒಳಗೆ ಬತ್ನಾ?"

"ಇಲ್ಲ. ಬಾಗ್ಲಲ್ಲೇ ನಿಲ್ತಾರೆ, ಮೂಗಿಗೆ ರುಮಾಲು ಹಿಡ್ಕಂಡು. ಒಣಮೀನಿನ ವಾಸ್ನೆ ಆಗೂದಿಲ್ಲ ಅಂತೆ."

ನಗು ತಡೆಯಲಾಗಲಿಲ್ಲ.

"ಅಂವ ಹುಟ್ಟಿದ್ದೆಲ್ಲಿ ಹುಲಿಯಾ?"

"ಬೇಲೇಕೇರಿ. ಮೀನು ಒಣಗ್ಸೂ ಮನೆ..."

ಬಾಗಿಲ ಕಡೆ ತಿರುಗಿದ. ಅವನ ಬಾಯಿ ತೆರೆದೇ ಇತ್ತು.

ನೀವೇ ಹೇಳಿ! ಒಣಮೀನಿನ ನಡುವೆ ಹುಟ್ಟಿ, ಅದನ್ನೇ ನೆಂಚಿಕೊಂಡು ಗಂಜಿ ಉಂಡು ಬೆಳೆದವನಿಗೆ ಆ ವಾಸನೆ ಆಗುವುದಿಲ್ಲವಂತೆ! ನಮ್ಮ ಕಡಲ ತೀರದಲ್ಲಿ ಎಳೆಮಗುವೂ ಇದನ್ನು ನಂಬುವುದಿಲ್ಲ. ಈ ಗಟ್ಟಿಗ ಇಷ್ಟು ವರ್ಷ ನಂಬಿದ್ದ.

"ಔಷಧ... ಉಂಟಾ?"

ಉಂಟು ಎಂದಿದ್ದರೆ ಆಗಲೇ ಬಾಗಿಲು ತೆಗೆಯುತ್ತಿದ್ದನೇನೋ. ಸುಳ್ಳು ಹೇಳುವುದು ನನ್ನ ಕಸುಬು. ಆದರೆ ಅವನ ಮುಖ ನೋಡಿ ಬಾಯಿ ಬರಲಿಲ್ಲ. ಪಾಪ ಅನಿಸಿತು, ಅಷ್ಟೇ.

"ವಾಸಿ ಆಗೂದು ಕಷ್ಟ. ನೋವು ಕಮ್ಮಿ ಮಾಡ್ತ್ರು, ಉಸಿರಾಟಕ್ಕೆ ಸಹಾಯ ಮಾಡ್ತ್ರು. ನಿಂದೂ ಅದೇ ಅಂತ ನಾ ಹೇಳೂದಿಲ್ಲ. ಪರೀಕ್ಷೆ ಆಗ್ಬೇಕು."

ಹೊರಗೆ ಕಾರು ನಿಂತ ಸದ್ದು!

"ಹುಲಿಯಾ! ಸಿಕ್ತಾ?"

ಹುಲಿಯಾ ಎದ್ದು ಬೀಗ ತೆಗೆದ. ಹೊಸ್ತಿಲಾಚೆ ಕಿಶನ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೂಗಿಗೆ ರುಮಾಲು.

"ಒಳಗೆ ಬನ್ನಿ ಸಾವ್ಕಾರ್ರೆ."

"ಇಲ್ಲೇ ಸಾಕು. ತುಂಡು ತಗಂಡು ಬಾ."

"ಎಂತಕ್ಕೆ ಮೂಗು ಮುಚ್ಚಿದ್ರಿ? ಇಲ್ಲಿ ಒಂದು ಮೀನೂ ಇಲ್ಲ. ಬರೀ ಖಾಲಿ ಗೋಣಿ..."

ಕಿಶನ ಒಂದು ಹೆಜ್ಜೆ ಹಿಂದೆ ಸರಿದ. ಹುಲಿಯಾನಿಗೆ ಅಷ್ಟು ಉತ್ತರ ಸಾಕಾಯಿತು. ಕಾಲರ್ ಹಿಡಿದು ಎಳೆದ. ರಾಶಿಯ ಮೇಲೆ ಎಸೆದ!

ಧೂಳು ಎದ್ದಿತು. ಕಿಶನ ಎರಡೂ ಕೈಯಲ್ಲಿ ರುಮಾಲು ಒತ್ತಿಕೊಂಡು ಕಿರುಚಿದ. "ಬಿಡೋ! ಸಾಯ್ತೆ ನಾನು!"

"ಗೊತ್ತಿತ್ತಲ್ಲ ನಿಮ್ಗೆ..." ಹುಲಿಯಾ ಅತ್ತುಬಿಟ್ಟ. "ಗೊತ್ತಿದ್ದೂ ನನ್ನ ಇಲ್ಲೇ ಮಲಗ್ಸಿದ್ರಲ್ಲ!"

ಹುಲಿಯಾನ ರಟ್ಟೆ ಹಿಡಿದು ಹೊರಗೆಳೆದೆ. ಚಿಲಕ ಹಾಕಿದೆ. ಪೊಲೀಸರಿಗೆ ಫೋನ್ ಮಾಡಿದೆ. ಒಳಗಿನಿಂದ ಕಿಶನ ಬಾಗಿಲು ಬಡಿಯುತ್ತಲೇ ಇದ್ದ. ಅವನದೇ ಬೊಲೆರೊದಲ್ಲಿ ಮಂಗಳೂರು!

ರಿಪೋರ್ಟ್ ಬಂತು. ಡಾಕ್ಟರ್ ಅಮಿತಾ ಹೇಳಿದ್ದೇ ನಿಜವಾಗಿತ್ತು. ಗೋಡೌನಿಗೆ ಸರ್ಕಾರಿ ಮೊಹರು ಬಿತ್ತು. ಸುಗಂಧಾ ಅಳಲಿಲ್ಲ. "ಮಾನಸಾ ಇನ್ನು ಗೋಣಿ ಮುಟ್ಟೂದಿಲ್ಲ ಅಲ್ಲ?" ಎಂದಷ್ಟೇ ಕೇಳಿದಳು. ಇಲ್ಲ ಎಂದೆ.

ಅವತ್ತೇ ಹುಲಿಯಾನನ್ನು ಕ್ಲಿನಿಕ್ಕಿಗೆ ಕರೆದೊಯ್ದೆ. ಬಾಗಿಲಾಚೆಗೂ ಜನ. ಸಾಲು ತಪ್ಪಿಸಿ ಒಳಗೆ ನುಗ್ಗಿದೆ.

"ಯಾರಿವ್ರು ಜಟ್ಟು?" ಡಾಕ್ಟರ್ ಕೇಳಿದರು.

"ನನ್ನ ಕೊಲ್ಲೂಕೆ ಬಂದಂವ. ಬೇಗ ನೋಡಿ ಡಾಕ್ಟ್ರೇ... ಈಗ ಅವನಿಗೇ ಟೈಮಿಲ್ಲ!"