ಮಂಗಳವಾರದ ಉಸಿರು

ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಒಬ್ಬ ಗಂಡಸಿನ ಕಣ್ಣಿಗೆ ಚೆಂದ ಕಾಣುವುದು ಸುಲಭದ ಕೆಲಸವಲ್ಲ. ಪ್ರತಿಮಾ ಒಂದಷ್ಟು ಮಂಗಳವಾರಗಳಿಂದ ಅದನ್ನೇ ಪ್ರಯತ್ನಿಸುತ್ತಿದ್ದಳು.

"ಊದಿ, ಊದಿ... ಇನ್ನೂ ಇದೆ, ಬಿಡಬೇಡಿ," ಎನ್ನುತ್ತಿದ್ದ ಉಸಿರು ಅಳೆಯುವ ಯಂತ್ರದ ಮುಂದೆ ಕೂತ ಚೈತನ್ಯ. ಎಲ್ಲರಿಗೂ ಹೇಳುವ ಮಾತೇ. ಅವಳ ಸರದಿ ಬಂದಾಗ ಮಾತ್ರ ದನಿ ಮೆತ್ತಗಾಗುತ್ತಿತ್ತು.

"ನಂಗಾದ್ರೆ ಎಮ್ಮೆ ಓಡ್ಸೋ ಹಂಗೆ ಕೂಗ್ತೀಯ. ಇವ್ಳ್ಗೆ ಜೋಗುಳ ಹಾಡ್ತೀಯಲ್ಲಪ್ಪ," ಎಂದಳು ಬೆಂಚಿನ ಮೇಲಿದ್ದ ಅವಳ ದೊಡ್ಡವ್ವ, ದೊಡ್ಡಲಕ್ಷ್ಮಮ್ಮ.

ಚೈತನ್ಯ ಯಂತ್ರದ ಪರದೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದ.

ರೇಷ್ಮೆ ಹುಳುಮನೆಯ ದೂಳು ಹೆಂಗಸರ ಉಸಿರಿಗೆ ಏನು ಮಾಡುತ್ತದೆ ಎಂಬ ಸಂಶೋಧನೆ ಅದು. ಹೊಂಗನೂರಿನ ಹೆಂಗಸರು ಬಸ್ಸು ಹತ್ತಿ ಚನ್ನಪಟ್ಟಣದ ಈ ಬಾಡಿಗೆ ಮಹಡಿಗೆ ಬರುತ್ತಿದ್ದರು. ಉಬ್ಬಸ ಇದ್ದವರು ಒಳಕೋಣೆಯಲ್ಲಿ ಡಾಕ್ಟರ್ ಜುವೇರಿಯಾ ಬಳಿ. ಇಲ್ಲದವರು, ಹೋಲಿಸಿ ನೋಡಲೆಂದು, ಹೊರಗೆ ಚೈತನ್ಯನ ಬಳಿ.

ಮೊದಲ ದಿನ ಅವನು "ದಮ್ಮು, ಉಬ್ಬಸ ಏನಾದ್ರೂ ಇದೆಯಾ?" ಎಂದಾಗ ಊರ ಹೆಂಗಸರೆಲ್ಲ ಕಿವಿ ನೆಟ್ಟಗೆ ಮಾಡಿ ಕೂತಿದ್ದರು. ಪ್ರತಿಮಾಗೆ ಗಂಡು ಹುಡುಕುತ್ತಿದ್ದ ಕಾಲ. ಅವಳ ಪರ್ಸಿನ ಇನ್‌ಹೇಲರ್ ವಿಷಯ ಅವ್ವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ಇಲ್ಲ ಸಾರ್."

ಅವನು ನಕ್ಕು ಕುರ್ಚಿ ಎಳೆದುಕೊಟ್ಟ. ಅಲ್ಲಿಗೆ ಸುಳ್ಳಿಗೆ ಇನ್ನೊಂದು ಕಾರಣ ಸೇರಿಕೊಂಡಿತು.

ಆಮೇಲೆ ಪ್ರತಿ ಮಂಗಳವಾರ ಜೆರಾಕ್ಸ್ ಅಂಗಡಿಯ ಹಿಂದೆ ನಿಂತು ಇನ್‌ಹೇಲರ್ ಎಳೆದುಕೊಂಡು, ಬಾಯಿ ಒರೆಸಿಕೊಂಡು, ಕದ್ದು ತಿಂದವಳಂತೆ ಮೆಟ್ಟಿಲು ಹತ್ತುತ್ತಿದ್ದಳು. ತನ್ನ ಸುಳ್ಳಿನಿಂದ ಸಂಶೋಧನೆಯ ಲೆಕ್ಕ ತಪ್ಪುತ್ತದೆ, ಮೋಸ ಮಾಡುತ್ತಿದ್ದದ್ದು ತನ್ನಂತೆಯೇ ಹುಳುಮನೆಯಲ್ಲಿ ಕೆಮ್ಮುವ ಹೆಂಗಸರಿಗೆ ಎಂಬುದು ಅವಳಿಗೆ ಗೊತ್ತಿತ್ತು. ರಾತ್ರಿಯೆಲ್ಲ ತನಗೆ ತಾನೇ ಹೇಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಸೀರೆಗೊಪ್ಪುವ ಬಳೆ ಹುಡುಕುತ್ತಿದ್ದಳು.

ಇವತ್ತು ಕೊನೆಯ ಪರೀಕ್ಷೆ. ಒಂದು ಔಷಧಿಯ ಆವಿ ಎಳೆದುಕೊಳ್ಳಬೇಕು. ಅದು ಉಸಿರಿನ ದಾರಿಯನ್ನು ಬೇಕೆಂದೇ ಬಿಗಿ ಮಾಡುತ್ತದೆ. "ಆರೋಗ್ಯವಾಗಿದ್ರೆ ಏನೂ ಆಗಲ್ಲ. ಉಬ್ಬಸ ಇದ್ರೆ ಅಪಾಯ. ಇದ್ದವರು ಈಗಲೇ ಹೇಳಿಬಿಡಿ," ಎಂದಿದ್ದರು ಡಾಕ್ಟರ್. ಪ್ರತಿಮಾ ದೊಡ್ಡವ್ವನ ಮುಖ ನೋಡಿ ಸುಮ್ಮನಾಗಿದ್ದಳು.

ಚೈತನ್ಯ ಮಾಸ್ಕನ್ನು ಅವಳ ಮುಖದ ಹತ್ತಿರ ತಂದ. ಅಲ್ಲೇ ನಿಲ್ಲಿಸಿ, ಯಂತ್ರ ಆರಿಸಿದ.

"ಬೇಡ."

"ಯಾಕೆ ಸಾರ್?"

"ನಿಮಗೆ ಉಬ್ಬಸ ಇದೆ," ಎಂದ ಪಿಸುದನಿಯಲ್ಲಿ. "ಎರಡನೇ ವಾರಾನೇ ನೋಡ್ದೆ. ಜೆರಾಕ್ಸ್ ಅಂಗಡಿ ಹಿಂದೆ."

ಅವಳ ಕಿವಿ ಕಾದವು. ಸ್ವಲ್ಪ ಹೊತ್ತಿಗೆ ಇನ್ನೊಂದು ಹೊಳೆಯಿತು. "ಗೊತ್ತಿದ್ದೂ ಸುಮ್ಕಿದ್ರಾ?"

"ಹೇಳಿದ್ರೆ ನಿಮ್ಮನ್ನ ಒಳಗಡೆ ಕಳಿಸ್ಬಿಡ್ತಿದ್ರು. ನನ್ನ ಹತ್ರ ಬರ್ತಿರಲಿಲ್ಲ." ಮಾಸ್ಕನ್ನು ಕೆಳಗಿಟ್ಟ. "ಇವತ್ತಾದ್ರೂ ನೀವೇ ಹೇಳ್ತೀರ ಅಂದ್ಕೊಂಡೆ."

ಇಂಥ ಮಾತಿಗೆ ಹುಡುಗಿಯರ ಎದೆ ಹಗುರಾಗಬೇಕು. ಅವಳಿಗಾದದ್ದು ಭಯ. ಇಬ್ಬರೂ ಸೇರಿ, ಒಬ್ಬರಿಗೊಬ್ಬರು ಹೇಳದೆ, ಅವಳ ಉಸಿರನ್ನೇ ಪಣಕ್ಕಿಟ್ಟಿದ್ದರು.

"ಮೇಡಂಗೆ ಹೇಳ್ತೀನಿ," ಎಂದ. "ನಂಗೆ ಗೊತ್ತಿತ್ತು ಅನ್ನೋದನ್ನೂ."

"ಕೆಲ್ಸ ಹೋಯ್ತದೆ. ನಾನೇ ಸುಳ್ಳೇಳ್ದೆ ಅಂತೀನಿ, ನೀವು ಸುಮ್ಕಿರಿ."

"ಸುಮ್ಮನಿದ್ದೇ ಇಲ್ಲಿಗೆ ಬಂತಲ್ಲ."

ಅವನು ಏಳುವಷ್ಟರಲ್ಲಿ ಅವಳೇ ಒಳಕೋಣೆಯ ಬಾಗಿಲಲ್ಲಿದ್ದಳು. "ಮೇಡಂ, ನಂಗೆ ದಮ್ಮು ಐತೆ. ಇಷ್ಟ್ ದಿನ ಸುಳ್ಳೇಳ್ದೆ." ಬೆಂಚು ಪೂರ್ತಿ ಕೇಳಿಸಿಕೊಂಡಿತು.

"ನನಗೂ ಗೊತ್ತಿತ್ತು ಮೇಡಂ," ಎಂದ ಅವಳ ಹಿಂದಿನಿಂದ ಚೈತನ್ಯ.

ಡಾಕ್ಟರ್ ಜುವೇರಿಯಾ ಕನ್ನಡಕ ತೆಗೆದಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಪ್ರತಿಮಾ, ನಾಳೆ ಬಂದು ಸರಿಯಾಗಿ ಟ್ರೀಟ್‌ಮೆಂಟ್ ತಗೊಳ್ಳಿ. ಚೈತನ್ಯ, ನೀವು ನಾಳೆಯಿಂದ ಬರೋದು ಬೇಡ. ಸಂಶೋಧನೆ ನೋಡ್ಕೊಳ್ಳೋ ಕಮಿಟಿಗೆ ನಾನು ತಿಳಿಸ್ಲೇಬೇಕು."

"ಆವಿ ಎಳ್ಕೊಳ್ದೇನೇ ಇಬ್ರುಗೂ ಉಸ್ರು ಕಟ್ಟೈತೆ, ನೋಡು," ಎಂದಳು ದೊಡ್ಡವ್ವ ಪಕ್ಕದವಳಿಗೆ. ಆದರೆ ಕೆಳಗಿಳಿಯುವಾಗ ಪ್ರತಿಮಾಳ ಚೀಲವನ್ನು ತಾನೇ ಹೊತ್ತುಕೊಂಡಳು. ಬಸ್ ಸ್ಟ್ಯಾಂಡಿನಲ್ಲಿ ಎಲೆಯಡಿಕೆ ನೆಪ ಹೇಳಿ ದೂರ ಹೋದಳು.

ಚೈತನ್ಯ ಬಂದು ನಿಂತ. ಪ್ರತಿಮಾ ಗೋಡೆಯ ಕಡೆ ಮುಖ ಮಾಡಿದಳು.

"ಈಗ ನೀವು ಸಂಶೋಧನೆಯಲ್ಲಿಲ್ಲ. ನಾನೂ ಇಲ್ಲ. ಒಂದು ಮಾತು ಕೇಳಬಹುದಾ?"

"ಈಗ ಬ್ಯಾಡಿ."

"ಕೋಪಾನಾ?"

"ಕೋಪಾನೂ ಐತೆ. ಅದಲ್ಲ." ಗೋಡೆಗೇ ಹೇಳಿದಳು. "ಈಗ ಕೇಳಿದ್ರೆ, ನನ್ನಿಂದ ಕೆಲ್ಸ ಕಳ್ಕೊಂಡ್ರಲ್ಲ ಅಂತ ಹೂಂ ಅಂದ್ಬುಡ್ತೀನಿ. ಅಂಥ ಹೂಂ ನಿಮ್ಗೂ ಬ್ಯಾಡ."

"ಮತ್ತೆ ಯಾವಾಗ?"

"ಒಸಿ ದಿನ ಬುಟ್ಟು ಹೊಂಗನೂರ್ಗೆ ಬನ್ನಿ. ಇಲ್ಲ ಅನ್ನಕ್ಕೂ ನಂಗೆ ಧೈರ್ಯ ಬಂದ್ಮೇಲೆ."

"ಅದು ನಂಗೆ ಹೇಗೆ ಗೊತ್ತಾಗುತ್ತೆ?"

"ಕದ್ದು ನೋಡಿ ತಿಳ್ಕೊಳದ್ರಲ್ಲಿ ಗಟ್ಟಿಗ್ರಲ್ವಾ ನೀವು."

ಅವನು ತಲೆ ತಗ್ಗಿಸಿದ. ತಗ್ಗಿಸಿಕೊಂಡೇ ನಕ್ಕ.

ಬಸ್ಸಿನಲ್ಲಿ ಅವಳು ಅವನಿಗೆ ಕಾಣದ ಬದಿಯ ಕಿಟಕಿಗೆ ಹೋಗಿ ಕೂತಳು. ಡ್ರೈವರ್ ಹಿಂದಕ್ಕೆ ತೆಗೆದು, ಹಾರ್ನ್ ಹೊಡೆದು, ದೊಡ್ಡ ಸುತ್ತು ಹಾಕಿ ತಿರುಗಿಸಿದ. ಅವಳ ಕಿಟಕಿಯೇ ಅವನೆದುರು ಬಂತು. ಮುಖ ತಿರುಗಿಸಿಕೊಳ್ಳಲು ಬೇಕಾದಷ್ಟು ಹೊತ್ತಿತ್ತು. ಅವಳು ತಿರುಗಿಸಿಕೊಳ್ಳಲಿಲ್ಲ.